ಹನ್ನೊಂದು ದನ, ಒಂದು ಉಪ್ಪಿನ ಗೆರೆ

ಸಾನ್ ಇರೆನೆಯೊ, ಯುಕಾತಾನ್
9 ಜುಲೈ 2023

ವಿಲ್ಬರ್ತ್,

ನೋಡಲಿಕ್ಕೆ ಇದು ಕಾಗದ, ಅಸಲಿಗೆ ನನ್ನ ಮಾತು. ನಾನು ಜೋಲಿಯಲ್ಲಿ ಮಲಗಿಕೊಂಡು ಫೋನಿಗೆ ಹೇಳುತ್ತೇನೆ, ನನ್ನ ಮಗಳು ನೆಯ್ದಿ ಅದನ್ನು ಕೇಳಿಸಿಕೊಂಡು ಟೈಪು ಮಾಡಿ ಅಂಚೆಗೆ ಹಾಕುತ್ತಾಳೆ. ಕೈಯಲ್ಲಿ ಬರೆಯಲು ಕೂತರೆ ನನಗೆ ಎರಡು ಸಾಲಿಗಿಂತ ಹೆಚ್ಚು ಬರುವುದಿಲ್ಲ. ಬಾಯಿ ತೆರೆದರೆ ಹೇಗೆ ಅನ್ನುವುದು ನಿನಗೆ ಗೊತ್ತೇ ಇದೆ. ನಿನ್ನ ತಂಗಿ ರೊಸಾಲ್ಬಾಳ ಹತ್ತಿರ ನಿನ್ನ ಫೋನ್ ನಂಬರು ಕೇಳಿದೆ. "ನಂಬರ್ ಕೊಟ್ರೆ ಅಣ್ಣ ನನ್ನ ಮುಖಾನೇ ನೋಡಲ್ಲ. ವಿಳಾಸ ಬೇಕಾದ್ರೆ ಬರ್ಕೋ, ಕಾಗದ ಬಂದ್ರೆ ಅವನು ಹರಿದಾದ್ರೂ ಹಾಕ್ತಾನೆ" ಅಂದಳು. ಹರಿಯುವ ಮೊದಲು ಓದು.

ಯಾರು ಅಂತ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಎಲಿಹಿಯೊ ಚಿ. ಸಾಲಿನೆರೋಸ್ ಬೇಸ್‌ಬಾಲ್ ತಂಡದ ಮೈದಾನಕ್ಕೆ ಗೆರೆ ಎಳೆಯುತ್ತಿದ್ದವನು. ಈಗ ಐವತ್ತು ವರ್ಷ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಕೂದಲು ಅಷ್ಟೇ ಹಿಂದೆ ಹೋಗಿದೆ.

ವಿಷಯ ಹೇಳುತ್ತೇನೆ. ನಮ್ಮ ಹಳೆಯ ಮೈದಾನವನ್ನು ನವೆಂಬರಿನಲ್ಲಿ ಅಗೆಯುತ್ತಾರೆ. ಅಲ್ಲಿ ಶಾಲೆ ಬರುತ್ತದೆ. ಒಳ್ಳೆಯದೇ, ನನ್ನದೇನೂ ತಕರಾರಿಲ್ಲ. ಆದರೆ ಅಗೆಯುವ ಮೊದಲು, ಅಕ್ಟೋಬರ್ 29ರ ಭಾನುವಾರ, ಹಳೆಯ ತಂಡದವರೇ ಸೇರಿ ಊರ ಹುಡುಗರ ಎದುರು ಒಂದು ಕೊನೆಯ ಆಟ ಆಡಬೇಕು ಅಂತ ಊರು ತೀರ್ಮಾನಿಸಿದೆ. ಎಂಟು ಜನ ಒಪ್ಪಿದ್ದಾರೆ. ಚೆಲ್ ಊಕ್ ಈಗಲೂ ಬ್ಯಾಟಿನವನ ಹಿಂದೆ ಚೆಂಡು ಹಿಡಿಯುವ ಕ್ಯಾಚರಿನ ಹಾಗೆ ಕುಕ್ಕರುಗಾಲಲ್ಲಿ ಕೂರುತ್ತಾನೆ, ಏಳಿಸಲು ಮಾತ್ರ ಇಬ್ಬರು ಬೇಕು. ಒಂಬತ್ತನೆಯವನು ನೀನು.

ಇದನ್ನು ನನಗೇ ಯಾಕೆ ವಹಿಸಿದರು ಅಂತ ಕೇಳಬೇಡ. ಸಭೆಯಲ್ಲಿ ಬ್ರೆಡ್ಡಿನ ಪಾಸ್ಕುವಾಲ್ ಎದ್ದು ನಿಂತು, "ಓಡ್ಸಿದವನೇ ಕರ್ಕೊಂಡ್ ಬರ್ಲಿ!" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಊರಲ್ಲಿ ನನ್ನ ಹೆಸರೇನು ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. ಎಲಿಹಿಯೊ ಅಂತ ಕರೆಯುವವಳು ನನ್ನ ಹೆಂಡತಿ ಒಬ್ಬಳೇ, ಅದೂ ಸಿಟ್ಟು ಬಂದಾಗ. ಮಿಕ್ಕವರಿಗೆಲ್ಲ ನಾನು "ಫೌಲ್". "ಫೌಲ್, ತಿಂಡಿ ಆಯ್ತಾ?" "ಫೌಲ್ ಮಗಳು ಪಾಸಾದ್ಳಂತೆ." ಚರ್ಚಿನಲ್ಲಿ ಪಾದ್ರಿಯವರೂ ಒಂದು ಸಲ ಹಾಗೇ ಕರೆದು ನಾಲಿಗೆ ಕಚ್ಚಿಕೊಂಡರು.

ಇಪ್ಪತ್ತೊಂಬತ್ತು ವರ್ಷ ಸಾಕು ವಿಲ್ಬರ್ತ್. ಬಾ. ನೀನು ಬರದಿದ್ದರೆ ಆಟವಿಲ್ಲ ಅಂತ ಎಂಟೂ ಜನ ಹೇಳಿದ್ದಾರೆ.

ಜೋಲಿಯಿಂದ,
ಎಲಿಹಿಯೊ


ಸಾನ್ ಇರೆನೆಯೊ
30 ಜುಲೈ 2023

ವಿಲ್ಬರ್ತ್,

ನಿನ್ನ ಉತ್ತರ ಬಂದಿಲ್ಲ. ಹರಿದೆಯಾ? ಹರಿದ ಮೇಲೂ ಕೆಲವರು ತುಂಡು ಜೋಡಿಸಿ ಓದುತ್ತಾರೆ. ನಾನಂತೂ ಹಾಗೆ ಮಾಡುವವನು.

ನೆಯ್ದಿಗೆ ನಮ್ಮ ತಂಡದ ಕಥೆ ಗೊತ್ತಿಲ್ಲ, ವಿಲ್ಬರ್ತ್! ಈ ಊರಲ್ಲೇ ಹುಟ್ಟಿದವಳು. "ಅಪ್ಪಾ, ನಿಜವಾಗ್ಲೂ ಅದು ಲೀಗ್ ತಂಡಾನಾ? ಸಂಬಳ ಕೊಡ್ತಿದ್ರಾ? ಇಲ್ಲಿ?" ಅಂದಳು. ಆ "ಇಲ್ಲಿ" ಅಂದ ರೀತಿ ಕೇಳಿ ಜೋಲಿಯಿಂದ ಅರ್ಧ ಎದ್ದುಬಿಟ್ಟೆ. ಹಾಗಾಗಿ ಇವತ್ತು ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ ಬರೆ. ತಿದ್ದಲಿಕ್ಕಾದರೂ ಬರೆ.

ಉಪ್ಪಿನ ಕಾರ್ಖಾನೆಯ ಯಜಮಾನ ದೋನ್ ಫೆದೆರಿಕೊ 1993ರಲ್ಲಿ ತಬಾಸ್ಕೊದ ಕಡೆ ಮುಚ್ಚಿಹೋದ ಒಂದು ತಂಡವನ್ನು ಕೊಂಡ. ಹಕ್ಕಿನ ಪತ್ರದ ಜೊತೆ ಒಂದು ಹಳೆಯ ಬಸ್ಸು, ನಲವತ್ತು ಅಂಗಿ ಬಂದವು. ಅಂಗಿಗಳ ಎದೆಯ ಮೇಲೆ ದೊಡ್ಡ ಇಗುವಾನಾ ಚಿತ್ರ. ಸಾಲಿನೆರೋಸ್ ಅಂದರೆ ಉಪ್ಪಿನವರು, ನಮಗೆ ಓತಿಕ್ಯಾತ ಯಾಕೆ? ಉಪ್ಪಿನ ಗದ್ದೆಯ ಹೆಂಗಸರೆಲ್ಲ ಸೇರಿ ಅದರ ಮೇಲೆ ಬಿಳಿ ಬಟ್ಟೆಯ ಉಪ್ಪಿನ ರಾಶಿ ಹೊಲಿದರು. ಮೂರನೆಯ ಒಗೆತಕ್ಕೆ ರಾಶಿ ಕುಗ್ಗಿ ಕೆಳಗಿನಿಂದ ಬಾಲ ಹೊರಗೆ ಬಂತು. ಎಲ್ಲಿ ಹೋದರೂ ಎದುರಿನವರು, "ಲೋ, ಉಪ್ಪು ಹಾಕಿದ ಹಲ್ಲಿಗಳು ಬಂದ್ವು ಕಣ್ರೋ!" ಅಂತ ಕೂಗುತ್ತಿದ್ದರು. ನೀನು ಒಂದು ಸಲ ಬ್ಯಾಟು ಕೆಳಗಿಟ್ಟು ಪ್ರೇಕ್ಷಕರ ಕಡೆ ತಿರುಗಿ ಹಲ್ಲಿಯ ಹಾಗೆ ಲೊಚಗುಟ್ಟಿದೆ. ಮುಂದಿನ ಚೆಂಡನ್ನು ಬೇಲಿಯಾಚೆ ಹೊಡೆದೆ. ನೆಯ್ದಿಗೆ ಇದನ್ನು ಹೇಳುವಾಗ ನನಗೆ ಉಸಿರು ಕಟ್ಟಿತು, ನಕ್ಕು ನಕ್ಕು.

ಮೊದಲ ವರ್ಷ ಮೂವತ್ತೊಂದು ಗೆಲುವು, ಅರವತ್ತೇಳು ಸೋಲು. ಎರಡನೆಯ ವರ್ಷ ನೀನು ಮೊದಲ ಬೇಸು ಕಾಯಲು ಬಂದ ಮೇಲೆ ಗಾಳಿ ತಿರುಗಿತು. ದೋನ್ ಫೆದೆರಿಕೊ ಮೈದಾನದ ನಡುವೆ ನಿಂತು ಹೇಳಿದ್ದು ನೆನಪಿದೆಯಾ? "ಮೇಲಿನ ಎಂಟು ತಂಡದೊಳಗೆ ಬಂದ್ರೆ ತಂಡ ಇರುತ್ತೆ. ಇಲ್ಲಾಂದ್ರೆ ನನಗೆ ಡಾಮಿನೋ ಆಟಾನೂ ಇಷ್ಟಾನೇ."

ಗೆರೆಯ ವಿಷಯಕ್ಕೆ ಬರುತ್ತೇನೆ, ಬಾರದೆ ಇರಲು ಆಗುವುದಿಲ್ಲ. ನೆಯ್ದಿಗೆ ಆಟವೂ ಗೊತ್ತಿಲ್ಲ, ಅವಳಿಗಾಗಿ ಹೇಳುತ್ತೇನೆ: ಹೊಡೆದ ಚೆಂಡು ಎರಡು ಬಿಳಿ ಗೆರೆಗಳ ಒಳಗೆ ಬಿದ್ದರೆ ಓಡಬಹುದು, ಹೊರಗೆ ಬಿದ್ದರೆ ಫೌಲ್, ಹೊಡೆದದ್ದು ಲೆಕ್ಕಕ್ಕಿಲ್ಲ. ಎಲ್ಲರೂ ಗೆರೆಯನ್ನು ಸುಣ್ಣದಲ್ಲಿ ಎಳೆಯುತ್ತಾರೆ. ನಮ್ಮೂರಿಗೆ ಸುಣ್ಣ ಮೆರಿದಾದಿಂದ ಲಾರಿಯಲ್ಲಿ ಬರಬೇಕು. "ಬೆಳಿಗ್ಗೆ ಎದ್ರೆ ಸುತ್ತ ಬಿಳೀ ಗುಡ್ಡ ನೋಡೋರು ನಾವು. ನಾವು ಬಿಳೀ ಪುಡಿ ಕೊಂಡ್ಕೊಬೇಕಾ?" ಅಂದವನು ನಾನು, ಇಪ್ಪತ್ತು ವರ್ಷದ ಬುದ್ಧಿವಂತ. ಊರಿಗೆ ಊರೇ ನನ್ನನ್ನು ಹೊಗಳಿತು. ಉಪ್ಪಿನಲ್ಲೇ ಹುಟ್ಟಿ ಉಪ್ಪಿನಲ್ಲೇ ಕೈ ಸುಟ್ಟುಕೊಂಡ ಸಾವಿರದ ಐನೂರು ಜನ. ಬಲಗಡೆ ಬೇಲಿಯಾಚೆ ದೋನ್ ಎರ್ಮಿಲೊನ ದನಗಳು ಮೇಯುತ್ತಿವೆ ಅನ್ನುವುದು ಅವರಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ?

ಎರಡು ವರ್ಷ ಬೇಲಿಯ ಗೇಟು ಮುಚ್ಚಿಯೇ ಇತ್ತು. ಅದಕ್ಕೇ ಹೊಳೆಯಲಿಲ್ಲ.

ಮಳೆ ಬರುತ್ತಿದೆ. ನಿಲ್ಲಿಸುತ್ತೇನೆ.

ಎಲಿಹಿಯೊ


ಚೆತುಮಾಲ್
12 ಆಗಸ್ಟ್ 2023

ಎಲಿಹಿಯೊ,

ಎರಡು ಕಾಗದ ಬಂದವು. ಹರಿದಿಲ್ಲ.

ಬರಲು ಆಗುವುದಿಲ್ಲ. ಬಲಗಾಲಿನ ಮೊಣಕಾಲು ಕೆಟ್ಟಿದೆ. ಟೈರ್ ಅಂಗಡಿ ಬಿಟ್ಟು ಬರುವ ಹಾಗಿಲ್ಲ.

ಅರವತ್ತೇಳು ಅಲ್ಲ, ಅರವತ್ತೆಂಟು ಸೋಲು. ನಿನ್ನ ಮಗಳು ಚೆನ್ನಾಗಿ ಟೈಪು ಮಾಡುತ್ತಾಳೆ.

ವಿ. ತುಯೂಬ್


ಸಾನ್ ಇರೆನೆಯೊ
20 ಆಗಸ್ಟ್ 2023

ವಿಲ್ಬರ್ತ್,

ಅರವತ್ತೆಂಟೇ! ಚೆಲ್ ಊಕ್‌ನನ್ನು ಕೇಳಿದೆ, ಅವನೂ ಅರವತ್ತೆಂಟು ಅಂದ. ನಿನ್ನ ಕಾಗದವನ್ನು ನಾನು ಆರು ಸಲ ಓದಿಸಿದೆ. ಏಳು ಸಾಲು, ಆರು ಸಲ. "ಅಪ್ಪಾ, ಇದರಲ್ಲಿ ಓದೋಕೆ ಇನ್ನೇನಿದೆ?" ಅಂತ ನೆಯ್ದಿ ಗೊಣಗಿದಳು. ಸೋಲುಗಳನ್ನು ಇಷ್ಟು ವರ್ಷ ಎಣಿಸಿ ಇಟ್ಟುಕೊಂಡವನು ನಮ್ಮನ್ನು ಮರೆತಿಲ್ಲ ಅಂತ ಅವಳಿಗೆ ಹೇಗೆ ಹೇಳಲಿ?

ಮೊಣಕಾಲಿನ ನೆಪ ನಡೆಯುವುದಿಲ್ಲ. ನಮ್ಮ ಮೂರನೆಯ ಬೇಸಿನವನಿಗೆ ಎರಡೂ ಸೊಂಟ ಹೋಗಿವೆ, ಆದರೂ ಬರುತ್ತಾನೆ.

ನಿಜ ಏನು ಅಂತ ಇಬ್ಬರಿಗೂ ಗೊತ್ತು. 1994ರ ಆಗಸ್ಟ್ 14. ನನಗೆ ಗೊತ್ತಿರುವುದನ್ನು ನಾನು ಹೇಳುತ್ತೇನೆ. ಇದುವರೆಗೆ ನಿನಗೆ ಎದುರಿಗೆ ಹೇಳಿಲ್ಲ.

ಬೆಳಿಗ್ಗೆ ಎಂಟಕ್ಕೆ ಗೆರೆ ಎಳೆದೆ. ಅಷ್ಟು ನೇರ ಗೆರೆಯನ್ನು ನಾನು ಯಾವತ್ತೂ ಎಳೆದಿರಲಿಲ್ಲ. ಸಂಜೆ ಐದಕ್ಕೆ ಫ್ರೊಂತೇರಾದ ತಂಡದ ಜೊತೆ ಕೊನೆಯ ಆಟ. ಗೆದ್ದರೆ ಮೇಲಿನ ಎಂಟರೊಳಗೆ, ತಂಡ ಊರಲ್ಲೇ ಉಳಿಯುತ್ತದೆ. ಮಧ್ಯಾಹ್ನ ಆ ಬಿಸಿಲಿಗೆ ಎಲ್ಲರೂ ಜೋಲಿಯಲ್ಲಿ ಮಲಗಿದರು, ನಾನೂ ಮಲಗಿದೆ. ಮೂರೂವರೆಗೆ ಹೋಗಿ ನೋಡಿದರೆ ಹನ್ನೊಂದು ದನ. ಗೂನು ಬೆನ್ನಿನ, ಜೋಲು ಕಿವಿಯ ಬಿಳಿ ದನಗಳು, ಸಾಲಾಗಿ ನಿಂತು, ತಲೆ ತಗ್ಗಿಸಿ, ಬಲಗಡೆಯ ಗೆರೆಯನ್ನು ಮೊದಲ ಬೇಸಿನಿಂದ ಬೇಲಿಯ ತನಕ ನೆಕ್ಕಿ ಮುಗಿಸಿದ್ದವು. ಒಂದು ಹೋರಿ ಗೆರೆಯ ತುದಿಯ ಫೌಲ್ ಕಂಬಕ್ಕೆ ಬೆನ್ನು ಉಜ್ಜಿ ಉಜ್ಜಿ ಅದನ್ನು ಮಲಗಿಸಿತ್ತು.

ನಾನು ಕೂಗಿದ ಕೂಗಿಗೆ ಮೊದಲು ಓಡಿಬಂದವನು ನೀನು. ಇಬ್ಬರೂ ಸೇರಿ ಓಡಿಸಿದೆವು. ಕಂಬ ಮತ್ತೆ ನೆಟ್ಟೆವು, ಅಂದಾಜಿನಲ್ಲಿ. ಇನ್ನು ಉಪ್ಪು! ಕಾರ್ಖಾನೆಗೆ ಬೀಗ, ಕಾವಲುಗಾರನೂ ಅಷ್ಟು ಹೊತ್ತಿಗೆ ಆಟ ನೋಡಲು ಬಂದು ಮುಂದಿನ ಬೆಂಚಿನಲ್ಲಿ ಜಾಗ ಹಿಡಿದು ಕೂತಿದ್ದಾನೆ, ಬೀಗದ ಕೈ ಮಾತ್ರ ದೋನ್ ಫೆದೆರಿಕೊನ ಹತ್ತಿರ, ದೋನ್ ಫೆದೆರಿಕೊ ಲೀಗಿನ ದೊಡ್ಡವರನ್ನು ಕರೆತರಲು ಟಿಜಿಮಿನ್‌ಗೆ ಹೋಗಿದ್ದಾನೆ. ಉಪ್ಪಿನ ಊರಲ್ಲಿ ಉಪ್ಪಿಲ್ಲ! ಹೆಂಗಸರು ಮನೆಮನೆಯಿಂದ ಅಡುಗೆಯ ಉಪ್ಪು ತಂದರು. ಬಟ್ಟಲಲ್ಲಿ, ಲೋಟದಲ್ಲಿ, ಒಬ್ಬಳು ಸೆರಗಿನಂಥ ಶಾಲಿನ ತುದಿಯಲ್ಲಿ. ನಿನ್ನ ತಾಯಿ ಒಂದು ಡಬ್ಬಿ ಕೊಟ್ಟು, "ಸೂಪಿಗೆ ಒಂದು ಚಿಟಿಕೆ ಉಳಿಸ್ಕೊಂಡಿದೀನಿ, ಬೈಬೇಡ" ಅಂದಳು. ಆ ಉಪ್ಪು ಮೊದಲ ಬೇಸಿನಿಂದ ನಲವತ್ತು ಹೆಜ್ಜೆಗೆ ಮುಗಿಯಿತು. ಅಲ್ಲಿಂದಾಚೆ ಬರೀ ಮರಳು, ಗೊರಸಿನ ಗುರುತು, ಜೊಲ್ಲು.

ಒಂಬತ್ತನೆಯ, ಕೊನೆಯ ಇನಿಂಗ್ಸ್. ನಾವು ಒಂದು ರನ್ ಹಿಂದೆ, ಇಬ್ಬರು ಬೇಸಿನ ಮೇಲೆ, ಇಬ್ಬರು ಔಟ್, ಮೂರನೆಯವನು ಔಟಾದರೆ ಮುಗಿಯಿತು, ಬ್ಯಾಟು ನಿನ್ನ ಕೈಯಲ್ಲಿ. ನೀನು ಹೊಡೆದೆ. ಚೆಂಡು ನೇರ ಬಲಕ್ಕೆ ಹೋಗಿ, ಗೆರೆ ಮುಗಿದ ಜಾಗದಿಂದ ಹತ್ತು ಹೆಜ್ಜೆ ಆಚೆ ಬಿದ್ದು, ಬೇಲಿಯ ತನಕ ಉರುಳಿತು. ಇಬ್ಬರೂ ಓಡಿ ಹೋಮ್ ಬೇಸು ಮುಟ್ಟಿದರು. ಸುತ್ತಲ ಊರಿನವರೂ ಸೇರಿ ಮೂರು ಸಾವಿರ ಜನ ಎದ್ದು ಕುಣಿದರು. ಅಂಪೈರ್ ಮಾತ್ರ ಕುಣಿಯಲಿಲ್ಲ. ನಿಧಾನವಾಗಿ ನಡೆದು ಹೋಗಿ, ಚೆಂಡು ಬಿದ್ದ ಗುಳಿಯ ಹತ್ತಿರ ನಿಂತು, ಮುಖವಾಡ ತೆಗೆದು, ನನ್ನ ಕಡೆ ಬೆರಳು ಮಾಡಿದ.

"ಏಯ್, ಗೆರೆ ಎಳೆಯೋನು ನೀನೇ ತಾನೆ?"

"ಹೌದು ಸ್ವಾಮಿ."

"ಕಂಬ ನಂಬೋ ಹಾಗಿಲ್ಲ. ಎರಡು ವರ್ಷ ಈ ದಾರೀಲಿ ನಡ್ದಿರೋನು ನೀನೊಬ್ನೇ. ನಿನ್ನ ತಾಯಾಣೆ ಹೇಳು. ಈ ಗುಳಿ ಒಳಗಾ, ಹೊರಗಾ?"

ಅವನು ತಾಯಾಣೆ ಅನ್ನದಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ನೋಡಿದೆ. ಗುಳಿ ಒಂದು ಗೇಣು ಹೊರಗಿತ್ತು. "ಹೊರಗೆ" ಅಂದೆ. ಮೈದಾನ ಸಾವು ಬಿದ್ದ ಮನೆಯ ಹಾಗಾಯಿತು. ಮುಂದಿನ ಚೆಂಡಿಗೆ ನೀನು ಗಾಳಿಗೆ ಬೀಸಿದೆ, ಮೂರನೆಯ ಸ್ಟ್ರೈಕ್, ನೀನೂ ಔಟ್. ಆಟ ಮುಗಿಯಿತು. ಸೆಪ್ಟೆಂಬರಿನಲ್ಲಿ ತಂಡವನ್ನು ಉತ್ತರದ ಒಂದು ಸಿಮೆಂಟಿನ ಊರಿಗೆ ಮಾರಿದರು, ಅಲ್ಲಿ ಮತ್ತೆ ಯಾವುದೋ ಪ್ರಾಣಿಯ ಅಂಗಿ ಹಾಕಿಸಿರಬೇಕು.

ಮಾರನೆಯ ಬೆಳಿಗ್ಗೆಯ ಬಸ್ಸಿಗೆ ನೀನು ಹೋದೆ, ದೋನ್ ಎರ್ಮಿಲೊನ ಮಗಳು ಅದ್ದಿಯನ್ನು ಕರೆದುಕೊಂಡು. ನನಗೆ ಒಂದು ಮಾತು ಹೇಳಲಿಲ್ಲ. ಬಸ್ ನಿಲ್ದಾಣದಲ್ಲಿ ನಾನು ನಿಂತಿದ್ದೆ, ನೀನು ನನ್ನ ಕಡೆ ನೋಡದೆ ಹತ್ತಿದೆ.

ಒಂದು ಗೇಣು, ವಿಲ್ಬರ್ತ್. ಒಂದೊಂದು ಸಲ ಮೈದಾನಕ್ಕೆ ಹೋಗಿ ಅಲ್ಲಿ ನಿಂತು ನೋಡುತ್ತೇನೆ. ಕೆಲವು ದಿನ ಒಂದು ಗೇಣು, ಕೆಲವು ದಿನ ನಾಲ್ಕು ಬೆರಳು, ಒಮ್ಮೆ ಜ್ವರ ಬಂದಾಗ ಒಳಗೇ ಬಿದ್ದಿತ್ತು ಅನ್ನಿಸಿತು. ನಾನು ತಪ್ಪು ಹೇಳಿದ್ದರೆ ಬಂದು ಎದುರಿಗೆ ಬೈ. ಸರಿ ಹೇಳಿದ್ದರೂ ಬೈ. ಆದರೆ ಬಾ.

ಎಲಿಹಿಯೊ


ಚೆತುಮಾಲ್
17 ಸೆಪ್ಟೆಂಬರ್ 2023

ಎಲಿಹಿಯೊ,

ನನಗೆ ಬರೆಯುವ ಅಭ್ಯಾಸವಿಲ್ಲ. ಇದನ್ನು ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಚೆಂಡು ಹೊರಗೇ ಬಿದ್ದಿತ್ತು. ಹೊಡೆದ ಕ್ಷಣವೇ ನನಗೆ ಗೊತ್ತಾಯಿತು. ಹೊಡೆದವನ ಕೈಗೆ ಗೊತ್ತಾಗುತ್ತದೆ. ನಿನ್ನ ಮೇಲೆ ನನಗೆ ಒಂದು ದಿನವೂ ಸಿಟ್ಟಿರಲಿಲ್ಲ.

ಅವತ್ತು ಮಧ್ಯಾಹ್ನ ಊರೆಲ್ಲ ಮಲಗಿದ್ದಾಗ ನಾನು ಸ್ಕೋರ್ ಬೋರ್ಡಿನ ಹಿಂದೆ ಇದ್ದೆ. ಅದ್ದಿ ದನದ ಗೇಟು ದಾಟಿ ಅಲ್ಲಿಗೆ ಬರುತ್ತಿದ್ದಳು. ಅವಳಪ್ಪ, "ಎದೆ ಮೇಲೆ ಹಲ್ಲಿ ಇಟ್ಕೊಂಡಿರೋನಿಗೆ ಮಗಳನ್ನ ಕೊಡಲ್ಲ" ಅಂದಿದ್ದ. ಆ ಗೇಟಿಗೆ ಚಿಲಕ ಇರಲಿಲ್ಲ, ತಂತಿಯ ಕುಣಿಕೆ. ಅದು ಮೈದಾನದ ಕಡೆ ಇತ್ತು. ಹಾಕಬೇಕಾದವನು ನಾನು. ಹಾಕಲಿಲ್ಲ. ಗೆದ್ದರೆ ಅವಳಪ್ಪನನ್ನು ಮತ್ತೆ ಕೇಳೋಣ, ಸೋತರೆ ಬೆಳಿಗ್ಗೆಯ ಬಸ್ಸಿಗೆ ಓಡಿಹೋಗೋಣ ಅಂತ ಮಾತಾಗಿತ್ತು. ತಲೆಯಲ್ಲಿ ಅದೇ ತುಂಬಿತ್ತು.

ನೀನು ಕೂಗಿದಾಗ ಮೊದಲು ಓಡಿಬಂದೆ ಅಂತ ಬರೆದಿದ್ದೀಯ. ಹತ್ತಿರವೇ ಇದ್ದೆನಲ್ಲ, ಅದಕ್ಕೆ. ದನ ಓಡಿಸಿದ ಮೇಲೆ ನೀನು ನನ್ನ ಹೆಗಲು ಹಿಡಿದು, "ದೇವರ ಹಾಗೆ ಬಂದೆ ಕಣೋ. ತಪ್ಪೆಲ್ಲ ನಂದು, ಸುಣ್ಣ ತರಿಸ್ಬೇಕಿತ್ತು" ಅಂದೆ. ಆಗ ಹೇಳಬೇಕಿತ್ತು. ಆಟ ಮುಗಿದ ಮೇಲೆ ಹೇಳೋಣ ಅಂದುಕೊಂಡೆ. ಆಟ ಹಾಗೆ ಮುಗಿಯಿತು. ಬಸ್ ನಿಲ್ದಾಣದಲ್ಲಿ ನಿನ್ನ ಮುಖ ನೋಡಿದ್ದರೆ ಬಸ್ ಹತ್ತುತ್ತಿರಲಿಲ್ಲ.

ಇಡೀ ಊರಿನ ತಂಡ ಒಂದು ಕುಣಿಕೆ ಹಾಕದ್ದಕ್ಕೆ ಹೋಯಿತು. ಹೆಸರು ನಿನಗೆ ಬಂತು.

ನಿನಗೆ ಹೇಳಿದ್ದಾಯಿತು. ಊರಲ್ಲಿ ಯಾರಿಗೂ ಹೇಳಬೇಡ. ಅವರಿಗೆ ಗೊತ್ತಿದೆ ಅಂತಾದರೆ ನನಗೆ ಅಲ್ಲಿ ಬಸ್ಸಿನಿಂದ ಇಳಿಯಲು ಕಾಲು ಬರುವುದಿಲ್ಲ. ಯಾರಿಗೂ ಗೊತ್ತಿಲ್ಲ ಅಂತ ನೀನು ಮಾತು ಕೊಟ್ಟರೆ ಬರುತ್ತೇನೆ.

ವಿಲ್ಬರ್ತ್


ಸಾನ್ ಇರೆನೆಯೊ
24 ಸೆಪ್ಟೆಂಬರ್ 2023

ವಿಲ್ಬರ್ತ್,

ಬಾ. ಆಟ ನಾಲ್ಕೂವರೆಗೆ. ಮೊಣಕಾಲಿಗೆ ಪಟ್ಟಿ ತಾ.

ನನ್ನ ಬಾಯಿಂದ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಎಲಿಹಿಯೊ


ಸಾನ್ ಇರೆನೆಯೊ
15 ಅಕ್ಟೋಬರ್ 2023

ರೊಸಾಲ್ಬಾ,

ನಿನ್ನಣ್ಣನಿಗೆ ಎರಡೇ ಎರಡು ಸಾಲು ಬರೆದಿದ್ದೇನೆ, ಅದೂ ಕೈಯಾರೆ. ನನ್ನ ಜೀವನದಲ್ಲೇ ಚಿಕ್ಕ ಕಾಗದ. ಯಾಕೆ ಅಂತ ನಿನಗೆ ಹೇಳದೆ ಬೇರೆ ದಾರಿಯಿಲ್ಲ, ಅವನನ್ನು ಮೆರಿದಾದಿಂದ ಬಸ್ಸಿನಲ್ಲಿ ಕರೆತರುವವಳು ನೀನು. ಕೂತುಕೊಂಡು ಓದು.

ಅವನ ಕಾಗದ ಬಂದ ದಿನ ನಾನು ತಾರಸಿಯ ಮೇಲೆ ನೀರಿನ ಟ್ಯಾಂಕು ತೊಳೆಯುತ್ತಿದ್ದೆ. ತಲೆ ಟ್ಯಾಂಕಿನ ಒಳಗೆ. ನೆಯ್ದಿ ಬೀದಿಯಲ್ಲಿ ನಿಂತು, "ಅಪ್ಪಾ, ಚೆತುಮಾಲ್‌ದು!" ಅಂದಳು. "ಓದು!" ಅಂದೆ. "ಕೇಳಿಸುತ್ತಾ?" ಅಂದಳು. "ಇನ್ನೂ ಗಟ್ಟಿಯಾಗಿ!" ಅಂದೆ. ತಪ್ಪು ನನ್ನದೇ, ರೊಸಾಲ್ಬಾ, ಹುಡುಗಿಯದಲ್ಲ. ಕುಣಿಕೆಯ ಜಾಗ ಬಂದಾಗ ನಾನು ಟ್ಯಾಂಕಿನಿಂದ ತಲೆ ತೆಗೆದೆ. "ಊರಲ್ಲಿ ಯಾರಿಗೂ ಹೇಳಬೇಡ" ಅನ್ನುವ ಸಾಲನ್ನು ಅವಳು ಓದುವ ಹೊತ್ತಿಗೆ ಕೆಳಗೆ ಹನ್ನೆರಡು ಜನ ನಿಂತಿದ್ದರು. ಪಾಸ್ಕುವಾಲ್ ಬ್ರೆಡ್ಡಿನ ಸೈಕಲ್ಲಿಗೆ ಒರಗಿಕೊಂಡು ಬಾಯಿ ಬಿಟ್ಟುಕೊಂಡಿದ್ದ. ಅವನ ಸೈಕಲ್ಲು ದಿನಕ್ಕೆ ಇನ್ನೂರು ಮನೆಯ ಮುಂದೆ ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ಗೊತ್ತಿಲ್ಲದವರು ಅಂದರೆ ಸ್ಮಶಾನದಲ್ಲಿರುವವರು ಮಾತ್ರ.

ನನಗೂ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಒಂದು ದಿನ ಪೂರ್ತಿ. ಇಪ್ಪತ್ತೊಂಬತ್ತು ವರ್ಷ ನನ್ನನ್ನು ಫೌಲ್ ಮಾಡಿ ಕೂರಿಸಿದನಲ್ಲ ಅಂತ. ಆಮೇಲೆ ಸಂಜೆ ಹಾಲು ತರಲು ಹೋದೆ. ಅಂಗಡಿಯವಳು ತಲೆ ತಗ್ಗಿಸಿ, "ಎಲಿಹಿಯೊ ಅವರೇ, ಹೇಗಿದೀರಾ?" ಅಂದಳು. ಅವರೇ! ಬರುವ ದಾರಿಯಲ್ಲಿ ಇನ್ನಿಬ್ಬರು ಅದೇ ಥರ. ನನಗೆ ಯಾರದೋ ಅಂಗಿ ಹಾಕಿಕೊಂಡು ಬೀದಿಯಲ್ಲಿ ನಡೆದ ಹಾಗಾಯಿತು. ಮನೆಗೆ ಬಂದು ಹೆಂಡತಿಗೆ, "ನನ್ನ ಹೆಸರು ತೆಗೆದುಬಿಟ್ರು ಕಣೇ" ಅಂದೆ. ಸಿಟ್ಟು ಅಲ್ಲಿಗೆ ಮುಗಿಯಿತು. ಉಳಿದದ್ದು ಒಂದೇ ಭಯ: ಇದು ಗೊತ್ತಾದರೆ ಅವನು ಬಸ್ಸಿನಿಂದ ಇಳಿಯುವುದಿಲ್ಲ.

ಅದಕ್ಕೆ ಸಭೆ ಕರೆದೆ. ಮೈದಾನದಲ್ಲೇ. ಬೈಯುವವರು ಇರುತ್ತಾರೆ ಅಂತ ಹೆದರಿದ್ದೆ. ಚೆಲ್ ಊಕ್ ಎದ್ದ. ಅವನು ಆ ವರ್ಷದ ಮೇಲೆ ಮತ್ತೆ ಯಾವ ತಂಡದಲ್ಲೂ ಆಡಲಿಲ್ಲ, ಉಪ್ಪು ಹೊರಲು ಹೋದ. ಎಲ್ಲರೂ ಅವನ ಮುಖ ನೋಡಿದರು. ಅವನು ಟೋಪಿ ತೆಗೆದು, "ಇಷ್ಟು ವರ್ಷ ಒಬ್ನೇ ಹೊತ್ಕೊಂಡಿದ್ನಲ್ಲ, ಪಾಪಿ" ಅಂದ. ಕೂತ. ಅಷ್ಟೇ ಸಭೆ.

ತೀರ್ಮಾನ ಹೀಗಿದೆ. 29ನೇ ತಾರೀಕು ಈ ಊರಲ್ಲಿ ಯಾರೂ ದನ ಅನ್ನುವುದಿಲ್ಲ, ಗೇಟು ಅನ್ನುವುದಿಲ್ಲ, ತಂತಿ ಅನ್ನುವುದಿಲ್ಲ. ಕಸಾಯಿ ಅಂಗಡಿಯವನು ಅವತ್ತು ಬರೀ ಹಂದಿ ಮಾಂಸ ಮಾರುತ್ತಾನೆ. ನನ್ನನ್ನು ಮೊದಲಿನ ಹಾಗೆ ಫೌಲ್ ಅಂತಲೇ ಕರೆಯಬೇಕು, ಇಲ್ಲದಿದ್ದರೆ ಅವನಿಗೆ ಅನುಮಾನ ಬರುತ್ತದೆ. ಇದನ್ನು ನಾನೇ ಕೈಮುಗಿದು ಕೇಳಿಕೊಂಡೆ. ಚೆಲ್ ಊಕ್‌ಗೆ ನಗು ತಡೆಯಲು ಬರುವುದಿಲ್ಲ, ಹಾಗಾಗಿ ಅವನು ಬೆಳಿಗ್ಗೆಯಿಂದಲೇ ಕ್ಯಾಚರ್ ಮುಖವಾಡ ಹಾಕಿಕೊಂಡಿರಬೇಕು. ಗೆರೆಗೆ ಸುಣ್ಣ ತರಿಸಿದ್ದೇವೆ.

ನೀನೂ ಬಸ್ಸಿನಲ್ಲಿ ಏನೂ ಗೊತ್ತಿಲ್ಲದವಳ ಹಾಗೆ ಕೂತಿರು. ಹವಾಮಾನದ ಮಾತಾಡು.

ನಿನ್ನ ನಂಬಿದ,
ಫೌಲ್


ಚೆತುಮಾಲ್
5 ನವೆಂಬರ್ 2023

ಎಲಿಹಿಯೊ,

ನಿನ್ನ ಊರಿನವರಷ್ಟು ಕೆಟ್ಟ ನಟರನ್ನು ನಾನು ಇಡೀ ಯುಕಾತಾನಿನಲ್ಲಿ ನೋಡಿಲ್ಲ.

ಮೆರಿದಾ ದಾಟಿದ ಮೇಲೆ ರೊಸಾಲ್ಬಾ ಮೂರು ಗಂಟೆ ಹೊತ್ತು ಹವಾಮಾನದ ಮಾತಾಡಿದಳು. ಅವಳು ಹುಟ್ಟಿದಾಗಿನಿಂದ ಮೋಡದ ಕಡೆ ತಲೆ ಎತ್ತಿದವಳಲ್ಲ.

ಬಸ್ಸಿನಿಂದ ಇಳಿದೆ. ನೂರು ಜನ. ಮೊಣಕಾಲು ಹೇಗಿದೆ, ಹಲ್ಲು ಎಷ್ಟು ಉಳಿದಿವೆ, ಹೆಂಡತಿ ದಪ್ಪವಾದಳಾ, ಅಮ್ಮನ ಸಾವಿಗೂ ರಾತ್ರಿ ಬಂದು ಬೆಳಗಾಗುವ ಮೊದಲು ಹೋದೆಯಂತಲ್ಲ ನಾಚಿಕೆಯಾಗಲಿಲ್ಲವಾ, ಎಲ್ಲ ಕೇಳಿದರು. ಸಾನ್ ಇರೆನೆಯೊದಲ್ಲಿ ಕೇಳಬಾರದ್ದು ಅನ್ನುವುದು ಇಲ್ಲ. ಒಬ್ಬಳು ಮುದುಕಿ ನನ್ನ ಮೂತ್ರದ ವಿಷಯ ಕೂಡ ಕೇಳಿದಳು. ಆದರೆ ತಂಡ ಮುಳುಗಿದ ಆ ದಿನದ ಬಗ್ಗೆ ಒಬ್ಬರೂ ಒಂದು ಮಾತು ಕೇಳಲಿಲ್ಲ. ಊಟಕ್ಕೆ ಹಂದಿ ಬಂತು, ಅದರ ಜೊತೆಗೆ ಹಂದಿ, ಕೊನೆಗೆ ಹಂದಿ ಸೂಪು. ಚೆಲ್ ಊಕ್ ಕಬ್ಬಿಣದ ಮುಖವಾಡದ ಸಂದಿಯಿಂದ ಸೂಪು ಕುಡಿದ. ನಿನ್ನನ್ನು ಫೌಲ್ ಅಂತ ಕರೆಯುತ್ತಾರೆ ಅಂದಿದ್ದೆ. ಅವತ್ತು ಮೊಮ್ಮಗುವನ್ನು ಕರೆಯುವ ಹಾಗೆ ಕರೆಯುತ್ತಿದ್ದರು.

ಆಗಲೂ ನನಗೆ ತಿಳಿಯಲಿಲ್ಲ. ನಾನು ದಡ್ಡ, ಅದು ಸಾಬೀತಾಗಿದೆ. ಮೂರನೆಯ ಇನಿಂಗ್ಸಿನಲ್ಲಿ ನಾನು ಹೊಡೆದ ಚೆಂಡು ನಿನ್ನ ಸುಣ್ಣದ ಗೆರೆಯಿಂದ ಇಪ್ಪತ್ತು ಮೊಳ ಹೊರಗೆ ಹೋಗಿ ಐಸ್ ಮಾರುವವಳ ಡಬ್ಬಿಯೊಳಗೆ ಬಿತ್ತು. ಡಬ್ಬಿಯೊಳಗೆ, ಎಲಿಹಿಯೊ! ಅಂಪೈರ್ ಪಾಸ್ಕುವಾಲ್ ಡಬ್ಬಿಯನ್ನು ನೋಡಿದ, ಆಕಾಶ ನೋಡಿದ, ನಿನ್ನನ್ನು ನೋಡಿದ. ನೀನು ನಿನ್ನ ಚಪ್ಪಲಿ ನೋಡಿಕೊಂಡೆ. "ಒಳಗೆ!" ಅಂತ ಅವನು ಕೂಗಿದ. ಐಸ್ ಮಾರುವವಳೂ "ಒಳಗೇ, ಒಳಗೇ" ಅಂದಳು.

ಆಗ ಗೊತ್ತಾಯಿತು. ನಿಮಗೆಲ್ಲ ಗೊತ್ತಿದೆ ಅಂತ.

ಒಂದು ಕ್ಷಣ ಬ್ಯಾಟು ಅಲ್ಲೇ ಬಿಟ್ಟು ಬಸ್ಸಿಗೆ ಹೋಗೋಣ ಅನ್ನಿಸಿತು. ಬೆಂಚುಗಳ ಕಡೆ ನೋಡಿದೆ. ಸಾವಿರ ಮುಖಗಳೂ ಗಂಭೀರವಾಗಿದ್ದವು, ಶಾಲೆಯಲ್ಲಿ ಫೋಟೋ ತೆಗೆಸಿಕೊಳ್ಳುವಾಗ ಇರುತ್ತವಲ್ಲ, ಹಾಗೆ. ಆಮೇಲೆ ಓಡಿದೆ. ಮೊಣಕಾಲು ಕಿರುಚಿಕೊಂಡಿತು, ಆದರೂ ಮೊದಲ ಬೇಸು ಮುಟ್ಟಿದೆ. ನೀವು ಅಷ್ಟು ಕಷ್ಟಪಟ್ಟು ಹೇಳಿದ ಸುಳ್ಳನ್ನು ವ್ಯರ್ಥ ಮಾಡಲು ಮನಸ್ಸು ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಪಕ್ಕದವನು ಸೀಟು ಬದಲಾಯಿಸಿದ.

ನಿನ್ನ ಹೆಂಡತಿ ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟ ಪಿಬ್ ಕಡುಬು ಇಲ್ಲಿಗೆ ಬರುವ ತನಕ ಬಿಸಿಯಾಗಿಯೇ ಇತ್ತು. ಅದ್ದಿ ಅದನ್ನು ಬಿಚ್ಚುತ್ತ ಊರಿನ ಸುದ್ದಿ ಕೇಳಿದಳು. ಎಲ್ಲ ಹೇಳಿದೆ. ಕುಣಿಕೆಯ ವಿಷಯ ನಿನಗೆ ಬರೆದದ್ದು, ಊರಿಗೆ ಗೊತ್ತಾದದ್ದು, ಯಾರೂ ಏನೂ ಅನ್ನದಿದ್ದದ್ದು. ಅವಳು ಬಾಳೆ ಎಲೆ ಬಿಚ್ಚುವುದನ್ನು ನಿಲ್ಲಿಸಿದಳು. ಕೈ ಒರೆಸಿಕೊಂಡು, "ಡಿಸೆಂಬರಿನಲ್ಲಿ ನಾನೂ ಬರ್ತೀನಿ. ಅವರಿಗೆ ಒಂದು ಮಾತು ಹೇಳೋದಿದೆ" ಅಂದಳು. ಏನು ಅಂತ ಹೇಳಲಿಲ್ಲ.

ದನ ನುಗ್ಗಿದ ಆ ಮಧ್ಯಾಹ್ನ, "ನೀನು ಹೋಗು, ಹೊತ್ತಾಯ್ತು. ಈ ಕಡೆಯಿಂದ ಕೈ ಹಾಕಿ ನಾನೇ ಕುಣಿಕೆ ಹಾಕ್ಕೋತೀನಿ" ಅಂತ ಗೇಟಿನ ಆಚೆ ನಿಂತು ಯಾರೋ ಅಂದ ಹಾಗೆ ನನಗೂ ಒಂದು ಮಸುಕು ನೆನಪಿದೆ.

ನಾನು ಕೇಳಿಲ್ಲ. ಡಿಸೆಂಬರ್ 10ರ ಬಸ್ಸಿಗೆ ಬರುತ್ತೇವೆ. ನೀವೂ ಯಾರೂ ಕೇಳಬೇಡಿ, ಅವಳೇ ಹೇಳಲಿ. ಅಲ್ಲಿಯ ತನಕ ಏನೂ ಗೊತ್ತಿಲ್ಲದವರ ಹಾಗೆ ಮುಖ ಇಟ್ಟುಕೊಳ್ಳುವುದನ್ನು ಊರಿನವರಿಗೆ ಸ್ವಲ್ಪ ಚೆನ್ನಾಗಿ ಕಲಿಸು.

ನಿನ್ನ,
ವಿಲ್ಬರ್ತ್